ಇಪ್ಪತ್ತು ಮೀಟರು ದೂರ

ಮನೆಯನ್ನು ಬೆನ್ನ ಮೇಲೆ ಹೊತ್ತು ತಿರುಗುವ ಪ್ರಾಣಿಗಳು ಆಮೆ ಮತ್ತು ಬಸವನಹುಳು ಎರಡೇ ಎಂದು ನಾನು ಎಪ್ಪತ್ತು ವರ್ಷ ನಂಬಿಕೊಂಡಿದ್ದೆ. 2024ರ ಮಾರ್ಚಿ ತಿಂಗಳಲ್ಲಿ ಆ ನಂಬಿಕೆ ಕೆಟ್ಟಿತು. ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ ನಗರದಲ್ಲಿರುವ ನನ್ನ ಮಗಳು ಮತ್ತು ಅಳಿಯ, ಹನ್ನೆರಡು ದಿನದ ಮಟ್ಟಿಗೆ ನಮ್ಮನ್ನೂ ಆ ಜಾತಿಗೆ ಸೇರಿಸಿಬಿಟ್ಟರು. ಮನೆಯಂಥದೇ ಒಂದು ಮೋಟಾರು ಗಾಡಿಯನ್ನು ಬಾಡಿಗೆಗೆ ತಂದು ಬಾಗಿಲಲ್ಲಿ ನಿಲ್ಲಿಸಿ, "ಹತ್ತಿ ಅಪ್ಪಾಜಿ, ದಕ್ಷಿಣ ದ್ವೀಪವನ್ನೆಲ್ಲ ಸುತ್ತಿ ಬರೋಣ" ಎಂದರು. ನಾನು, ನನ್ನಾಕೆ, ಮಗಳು, ಅಳಿಯ, ಒಂಬತ್ತು ವರ್ಷದ ಮೊಮ್ಮಗ: ಒಟ್ಟು ಐದು ತಲೆ.

ಗಾಡಿಯ ಉದ್ದ ಏಳು ಮೀಟರು. ಒಳಗೆ ಕಾಲಿಟ್ಟರೆ ಎಡಕ್ಕೆ ಅನಿಲದ ಒಲೆ, ಪಾತ್ರೆ ತೊಳೆಯುವ ತೊಟ್ಟಿ, ಪುಟ್ಟದೊಂದು ಫ್ರಿಜ್ಜು. ಬಲಕ್ಕೆ ಊಟದ ಮೇಜು. ರಾತ್ರಿಯಾದರೆ ಅದೇ ಮೇಜು ಕಾಲು ಮಡಚಿಕೊಂಡು ಮಂಚವಾಗುತ್ತದೆ. ಚಾಲಕನ ನೆತ್ತಿಯ ಮೇಲೊಂದು ಅಟ್ಟ. ಅದು ಮೊಮ್ಮಗನ ಸಾಮ್ರಾಜ್ಯ. ಇಷ್ಟನ್ನೆಲ್ಲ ನೋಡಿ ನನ್ನಾಕೆ ಮೆಚ್ಚಿ ತಲೆದೂಗಿದಳು. ಒಗ್ಗರಣೆಯ ಡಬ್ಬಿ ಇಡುವುದಕ್ಕೆ ಜಾಗವನ್ನೂ ಗುರುತು ಮಾಡಿದಳು. ಅನಂತರ ಒಲೆಯ ಪಕ್ಕದಲ್ಲಿದ್ದ ಒಂದು ಕಿರುಬಾಗಿಲನ್ನು ತೆರೆದಳು. ತೆರೆದವಳೇ ಮುಚ್ಚಿದಳು.

"ಏನಿದು? ಒಲೆಗೂ ಇದಕ್ಕೂ ಮೂರು ಗೇಣು ಅಂತರವಿಲ್ಲವಲ್ಲ!"

ಅದು ಪಾಯಖಾನೆ. ಆ ದೇಶದ ಕಾನೂನು ಹಾಗೆ. ಊರಾಚೆಯ ಬಯಲಿನಲ್ಲೋ ಸಮುದ್ರದ ದಂಡೆಯಲ್ಲೋ ಗಾಡಿ ನಿಲ್ಲಿಸಿ ರಾತ್ರಿ ಕಳೆಯಬೇಕಾದರೆ ಅನೇಕ ಕಡೆಗಳಲ್ಲಿ ಗಾಡಿ ಸ್ವಯಂಪೂರ್ಣವಾಗಿರಬೇಕು. ತನ್ನ ನೀರು, ತನ್ನ ಕೊಳೆ ಎರಡನ್ನೂ ತಾನೇ ಹೊತ್ತಿರಬೇಕು. 2023ರಲ್ಲಿ ಮಾಡಿದ ಹೊಸ ಕಾನೂನಿನಂತೆ ಪಾಯಖಾನೆ ಗಾಡಿಗೆ ಕಾಯಂ ಆಗಿ ಜೋಡಿಸಿದ್ದಾಗಿರಬೇಕು. ಬಯಲನ್ನು ಬಯಲಾಗಿಯೇ ಉಳಿಸುವುದಕ್ಕೆ ಇಂಥ ಏರ್ಪಾಡು. ಅಳಿಯ ಇದನ್ನೆಲ್ಲ ವಿವರಿಸಿದ. ನಾವಿಬ್ಬರೂ ಆ ಬಾಗಿಲನ್ನು ಮುಟ್ಟುವುದಿಲ್ಲವೆಂದು ಮನಸ್ಸಿನಲ್ಲೇ ಸಂಕಲ್ಪ ಮಾಡಿದೆವು. ಸಂಕಲ್ಪ ಮೊದಲ ರಾತ್ರಿಯ ಎರಡು ಗಂಟೆಯವರೆಗೆ ನಿಂತಿತು. ಹೊರಗೆ ಸಮುದ್ರದ ಗಾಳಿ. ಒಳಗೆ ಎಪ್ಪತ್ತರ ವಯಸ್ಸು. ಮಡಿ ಎನ್ನುವುದು ಯಾವ ಯಾವುದಕ್ಕೆ ಸೋಲುತ್ತದೆ ಎಂಬ ಪಟ್ಟಿಯಲ್ಲಿ ಚಳಿಯನ್ನೂ ಸೇರಿಸಬೇಕು.

ಆ ಮೊದಲ ರಾತ್ರಿ ನಾವು ತಂಗಿದ್ದು ಕೈಕೋರಾ ಎಂಬ ಊರಿನಲ್ಲಿ, ಕ್ರೈಸ್ಟ್‌ಚರ್ಚಿನಿಂದ ಉತ್ತರಕ್ಕೆ 180 ಕಿಲೋಮೀಟರು. ಒಂದು ಕಡೆ ಹಿಮ ಕಾಣುವ ಬೆಟ್ಟಸಾಲು, ಇನ್ನೊಂದು ಕಡೆ ಶಾಂತ ಮಹಾಸಾಗರ. ಎರಡರ ನಡುವೆ ರಸ್ತೆಯೂ ರೈಲಿನ ಹಳಿಯೂ ಹೆಗಲಿಗೆ ಹೆಗಲು ತಾಗಿಸಿಕೊಂಡು ಹೋಗುತ್ತವೆ. 2016ರ ನವೆಂಬರ್ 14ರ ನಡುರಾತ್ರಿ ಇಲ್ಲಿ 7.8ರ ಪ್ರಮಾಣದ ಭೂಕಂಪವಾಯಿತು. ಗುಡ್ಡ ಕುಸಿದು ಹೆದ್ದಾರಿ ಮುಚ್ಚಿತು. ಅದು ಮತ್ತೆ ತೆರೆದದ್ದು 2017ರ ಡಿಸೆಂಬರಿನಲ್ಲಿ. ಸಮುದ್ರದ ತಳವೇ ಮೇಲೆದ್ದು, ನೀರಿನಡಿ ಇದ್ದ ಬಂಡೆಗಳು ಒಂದೇ ರಾತ್ರಿಯಲ್ಲಿ ದಂಡೆಯಾದವು. ಹಾಗೆ ಎದ್ದ ಬಂಡೆಗಳ ಮೇಲೆ ಈಗ ಸೀಲುಗಳು ಬಿಸಿಲು ಕಾಯಿಸಿಕೊಳ್ಳುತ್ತ ಮಲಗಿರುತ್ತವೆ. ನಮ್ಮ ಊರಿನ ಅರಳಿಕಟ್ಟೆಯ ಮೇಲೆ ಮಧ್ಯಾಹ್ನದ ಹೊತ್ತು ಮಲಗುವ ಹಿರಿಯರನ್ನು ಕಂಡವರಿಗೆ ಆ ದೃಶ್ಯವನ್ನು ಬೇರೆ ವರ್ಣಿಸಬೇಕಾಗಿಲ್ಲ. ಅದೇ ಹೊಟ್ಟೆ, ಅದೇ ಮೀಸೆ, ಎಬ್ಬಿಸಿದವರನ್ನು ನೋಡುವ ಅದೇ ನೋಟ.

ನಾನು ಇನ್ನಷ್ಟು ಚೆನ್ನಾಗಿ ನೋಡೋಣವೆಂದು ನಾಲ್ಕು ಹೆಜ್ಜೆ ಮುಂದಿಟ್ಟೆ. ಹಿಂದಿನಿಂದ ಅಂಗಿ ಜಗ್ಗಿತು.

"ಅಜ್ಜ, ಹಿಂದಕ್ಕೆ ಬಾ. 20 ಮೀಟರು!"

ಅಲ್ಲೊಂದು ಫಲಕವಿತ್ತು. ಸೀಲುಗಳಿಂದ 20 ಮೀಟರು ದೂರ ನಿಲ್ಲಬೇಕು; ಸೀಲಿಗೂ ಸಮುದ್ರಕ್ಕೂ ನಡುವೆ ಎಂದೂ ನಿಲ್ಲಬಾರದು. ಮೊಮ್ಮಗ ಶಾಲೆಯಲ್ಲಿ ಇದನ್ನೆಲ್ಲ ಕಲಿತಿದ್ದ. ಅವನ ಕೈಯಲ್ಲಿ ಒಂದು ನೋಟುಪುಸ್ತಕವೂ ಇತ್ತು. ಗೆರೆ ಎಳೆದು ಮೂರು ಕಾಲಂ ಮಾಡಿಕೊಂಡಿದ್ದ: ಹೆಸರು, ಸ್ಥಳ, ದೂರ. ತನ್ನ 28 ಹೆಜ್ಜೆಗೆ 20 ಮೀಟರು ಎಂದು ಮನೆಯ ಹಿತ್ತಲಿನಲ್ಲಿ ಟೇಪು ಹಿಡಿದು ಲೆಕ್ಕ ಹಾಕಿಕೊಂಡು ಬಂದಿದ್ದನಂತೆ. ಇಂಥ ಪೋಲೀಸಿನವನೊಬ್ಬ ಜೊತೆಗಿದ್ದರೆ ಪ್ರವಾಸದ ಸುಖ ಅರ್ಧವಾಗುತ್ತದೆ ಎಂದುಕೊಂಡೆ. ಆದರೆ ಫಲಕದ ಹಿಂದಿನ ಕಥೆ ಕೇಳಿದ ಮೇಲೆ ಸುಮ್ಮನಾದೆ. 19ನೆಯ ಶತಮಾನದ ಮೊದಲ ದಶಕಗಳಲ್ಲಿ ತುಪ್ಪಳದ ಆಸೆಗೆ ಈ ಪ್ರಾಣಿಗಳನ್ನು ದೊಣ್ಣೆಯಿಂದ ಬಡಿದು ಬಡಿದು, ಇನ್ನೇನು ಕುಲವೇ ಅಳಿಯಿತು ಎನ್ನುವವರೆಗೆ ಕೊಂದಿದ್ದರು. 1978ರಲ್ಲಿ ಸಾಗರದ ಸಸ್ತನಿಗಳನ್ನೆಲ್ಲ ಕಾಪಾಡುವ ಕಾನೂನು ಬಂತು. ದೊಣ್ಣೆ ಹಿಡಿದು ಹತ್ತಿರ ಬಂದ ಮನುಷ್ಯ, ಈಗ ಕೈಕಟ್ಟಿ ದೂರ ನಿಲ್ಲುತ್ತಾನೆ. ಇದೂ ಒಂದು ಪ್ರಾಯಶ್ಚಿತ್ತವೇ.

ಕೈಕೋರಾದಿಂದ ತಿರುಗಿ ದಕ್ಷಿಣಕ್ಕೆ ಇಳಿದು, ಒಳನಾಡಿನ ಟೆಕಾಪೋ ಸರೋವರಕ್ಕೆ ಬಂದೆವು. ಅಲ್ಲಿಯ ನೀರಿನ ಬಣ್ಣವನ್ನು ನಾನು ಹೇಳಿದರೆ ನೀವು ನಂಬುವುದಿಲ್ಲ. ನಮ್ಮ ಕಡೆಯ ಮದುವೆ ಸೀರೆಯ ಅಂಗಡಿಯಲ್ಲಿ ಮಾತ್ರ ಅಂಥ ನೀಲಿ ಸಿಕ್ಕೀತು. ಹಿಮನದಿಗಳು ಬಂಡೆಯನ್ನು ಹಿಟ್ಟಿನಂತೆ ಅರೆದು ತರುತ್ತವೆ. ಆ ಹಿಟ್ಟು ನೀರಿನಲ್ಲಿ ತೇಲುತ್ತ ಬೆಳಕನ್ನು ಚದುರಿಸಿ ಈ ಬಣ್ಣ ಬರಿಸುತ್ತದೆ. ದಂಡೆಯ ಮೇಲೆ 1935ರಲ್ಲಿ ಕಟ್ಟಿದ ಪುಟ್ಟ ಕಲ್ಲಿನ ಇಗರ್ಜಿ. ಅದರ ಹತ್ತಿರ ಕುರಿ ಕಾಯುವ ನಾಯಿಗೊಂದು ಕಂಚಿನ ಪ್ರತಿಮೆ. ಬೆಟ್ಟದ ನಾಡಿನಲ್ಲಿ ಕುರಿ ಸಾಕಿದವರು, ನಾಯಿಯಿಲ್ಲದಿದ್ದರೆ ತಾವಿಲ್ಲ ಎಂದು ಒಪ್ಪಿಕೊಂಡು ನಿಲ್ಲಿಸಿದ್ದು ಅದು. ಇನ್ನೂ ಮುಂದಕ್ಕೆ 3724 ಮೀಟರು ಎತ್ತರದ ಆವೊರಾಕಿ ಶಿಖರ. ಆ ತಪ್ಪಲಿನಲ್ಲಿ ನಮ್ಮ ಹಿಮಾಲಯದ ತಹರ್ ಎಂಬ ಕಾಡುಮೇಕೆಗಳಿವೆ. 1904ರಲ್ಲಿ ಬೇಟೆಯ ಖುಷಿಗೆಂದು ತಂದು ಬಿಟ್ಟದ್ದು. ಹುಟ್ಟೂರಿನಲ್ಲಿ ಕಾಪಾಡಬೇಕಾದ ಪ್ರಾಣಿ, ಇಲ್ಲಿ ಬೆಟ್ಟದ ಗಿಡವನ್ನೆಲ್ಲ ಮೇಯುತ್ತದೆಂದು ಕೊಂದು ಲೆಕ್ಕ ಇಡಬೇಕಾದ ಪೀಡೆ. ಪರದೇಶಕ್ಕೆ ಬಂದವರ ಪಾಡು ಎಲ್ಲ ಕಾಲಕ್ಕೂ ಒಂದೇ ರೀತಿ ಇರುವುದಿಲ್ಲ ಎಂದು ಅಳಿಯ ನಕ್ಕ.

ಟೆಕಾಪೋದಲ್ಲೇ ಪೆಟ್ಟಿಗೆ ತುಂಬಿತು.

ಯಾವ ಪೆಟ್ಟಿಗೆ ಎಂದು ಕೇಳುತ್ತೀರಾ? ಗಾಡಿಯ ಪಾಯಖಾನೆಯ ಕೆಳಗೆ ಒಂದು ಪ್ಲಾಸ್ಟಿಕ್ಕಿನ ಪೆಟ್ಟಿಗೆ ಇರುತ್ತದೆ. ಐದು ಜನರ ಕುಟುಂಬಕ್ಕೆ ಅದು ಎರಡು ದಿನ ಬಂದರೆ ಹೆಚ್ಚು. ತುಂಬಿತೆಂದು ಕೆಂಪು ದೀಪ ಹತ್ತುತ್ತದೆ. ಆಗ ಗಾಡಿಯನ್ನು ಅದಕ್ಕೆಂದೇ ಇರುವ ಠಾಣ್ಯಕ್ಕೆ ಒಯ್ದು, ಯಾರಾದರೊಬ್ಬರು ಕೆಳಗಿಳಿದು, ಗಾಡಿಯ ಹೊರಮೈಯಲ್ಲಿರುವ ಮೊಣಕಾಲೆತ್ತರದ ಒಂದು ಪುಟ್ಟ ಬಾಗಿಲನ್ನು ತೆರೆದು, ಪೆಟ್ಟಿಗೆಯನ್ನು ಎಳೆದು, ನೆಲದಲ್ಲಿರುವ ಬಾಯಿಗೆ ಸುರಿದು, ತೊಳೆದು, ನೀಲಿ ಔಷಧಿ ಹಾಕಿ ಮತ್ತೆ ಒಳಗೆ ತಳ್ಳಬೇಕು. ಅಳಿಯ ಕೈಗವಸು ಹಾಕಿಕೊಂಡು ಇಳಿದ. ನಾನು ಸ್ವಲ್ಪ ದೂರದಲ್ಲಿ, ಬೆಟ್ಟಗಳ ಕಡೆ ಮುಖ ಮಾಡಿ, ಪ್ರಕೃತಿಯ ಆರಾಧಕನಂತೆ ನಿಂತೆ. ಆ ಪುಟ್ಟ ಬಾಗಿಲು ತೆರೆದ ಸದ್ದಾದಾಗ ಮಾತ್ರ ಮನಸ್ಸಿಗೆ ಏನೋ ಚುಚ್ಚಿದಂತಾಯಿತು. ಏನೆಂದು ಆಗ ಹೊಳೆಯಲಿಲ್ಲ. ಹೊಳೆಯಗೊಡಲಿಲ್ಲ ಎಂದರೆ ಇನ್ನೂ ಸರಿ.

ಅಲ್ಲಿಂದ ಪೂರ್ವ ಕರಾವಳಿಯ ಓಮರೂ ಎಂಬ ಊರು. ಸುಣ್ಣಕಲ್ಲಿನ ಬಿಳಿಯ ಕಟ್ಟಡಗಳ ಹಳೆಯ ಬಂದರು. ಬಂದರಿನ ಪಕ್ಕ ಹಿಂದೆ ಕಲ್ಲು ಕೀಳುತ್ತಿದ್ದ ಗಣಿಯೊಂದರಲ್ಲಿ ಈಗ ಕೊರೊರಾ ಎಂಬ ನೀಲಿ ಪೆಂಗ್ವಿನ್‌ಗಳು ಸಂಸಾರ ಹೂಡಿವೆ. ಲೋಕದ ಪೆಂಗ್ವಿನ್‌ಗಳಲ್ಲೆಲ್ಲ ಇದೇ ಚಿಕ್ಕದು. ಎತ್ತರ ಒಂದು ಅಡಿಯ ಮೇಲೆ ಒಂದಿಷ್ಟು, ತೂಕ ಒಂದು ಕಿಲೋ ಆಸುಪಾಸು. ಹಗಲೆಲ್ಲ ಸಮುದ್ರದಲ್ಲಿ ದುಡಿದು, ಕತ್ತಲಾಗುವ ಹೊತ್ತಿಗೆ ಗುಂಪುಗುಂಪಾಗಿ ದಡ ಹತ್ತುತ್ತವೆ. ಆಫೀಸು ಬಿಟ್ಟ ಗುಮಾಸ್ತರು ಬಸ್ಸಿಗೆ ಓಡುವಂತೆ, ತಲೆ ತಗ್ಗಿಸಿ, ಒಂದರ ಹಿಂದೊಂದು ಬಿಲ ಸೇರುತ್ತವೆ. ನೋಡುವುದಕ್ಕೆ ಮೆಟ್ಟಿಲುಗಳ ಸಾಲು ಕಟ್ಟಿದ್ದಾರೆ. ಫೋಟೋ ತೆಗೆಯಕೂಡದು, ಏಳಕೂಡದು, ಜೋರಾಗಿ ಮಾತಾಡಕೂಡದು. ನೂರಾರು ಜನ ಉಸಿರು ಬಿಗಿಹಿಡಿದು ಕೂತಿದ್ದರು. ಹೊರಗೆ ಬಂದರೆ ಇನ್ನೊಂದು ಸೂಚನೆ: ಗಾಡಿ ಹೊರಡಿಸುವ ಮುಂಚೆ ಕೆಳಗೆ ಬಗ್ಗಿ ನೋಡಿ, ಪೆಂಗ್ವಿನ್ ಇದ್ದೀತು! ಮೊಮ್ಮಗ ಕೈದೀಪ ಹಿಡಿದು ನೆಲಕ್ಕೆ ಕೆನ್ನೆ ಹಚ್ಚಿ ನಾಲ್ಕೂ ಗಾಲಿಗಳ ಹಿಂದೆ ಮುಂದೆ ನೋಡಿ, "ಇಲ್ಲ, ಹೋಗಬಹುದು" ಎಂದು ಅಪ್ಪಣೆ ಕೊಟ್ಟ ಮೇಲೆಯೇ ನಾವು ಹೊರಟದ್ದು.

ಮರುದಿನ ಮೊಯರಾಕಿಯ ಹತ್ತಿರದ ಕಾಟಿಕಿ ಎಂಬ ಭೂಶಿರದಲ್ಲಿ ಹೋಯಿಹೋ ಕಂಡೆವು. ಹಳದಿ ಕಣ್ಣಿನ ಪೆಂಗ್ವಿನ್. ಆ ದೇಶದ ಐದು ಡಾಲರಿನ ನೋಟಿನ ಒಂದು ಮುಖದಲ್ಲಿ ಎವರೆಸ್ಟ್ ಹತ್ತಿದ ಹಿಲರಿ, ಇನ್ನೊಂದು ಮುಖದಲ್ಲಿ ಈ ಹಕ್ಕಿ. ನೋಟಿನ ಮೇಲೆ ಬಂದ ಮಾತ್ರಕ್ಕೆ ಬದುಕು ಭದ್ರವಾಗುವುದಿಲ್ಲ; ಇದರ ಸಂಖ್ಯೆ ವರ್ಷದಿಂದ ವರ್ಷಕ್ಕೆ ಕುಸಿಯುತ್ತಿದೆ. ಬೇಸಗೆಯ ಕೊನೆಯಲ್ಲಿ ಅದು ಹಳೆಯ ಗರಿಯನ್ನೆಲ್ಲ ಉದುರಿಸಿ ಹೊಸದನ್ನು ತಳೆಯುತ್ತದೆ. ಆ ಮೂರು ನಾಲ್ಕು ವಾರ ನೀರಿಗಿಳಿಯುವಂತಿಲ್ಲ, ನೀರಿಗಿಳಿಯದೆ ಊಟವಿಲ್ಲ. ಉಪವಾಸ ನಿಂತ ಹಕ್ಕಿ. ನಾವು ಕಂಡದ್ದು ಅಂಥ ಒಂದನ್ನೇ. ಅರ್ಧ ಹರಿದ ಕಂಬಳಿ ಹೊದ್ದ ಮುದುಕನಂತೆ ಗುಡ್ಡದ ಬದಿಯಲ್ಲಿ ನಿಂತಿತ್ತು. ಹೆದರಿಸಿದರೆ ಇದ್ದಬದ್ದ ಶಕ್ತಿಯೂ ವ್ಯರ್ಥವಾಗುತ್ತದೆ. ಆದ್ದರಿಂದ 50 ಮೀಟರು. ಮೊಮ್ಮಗ ಬರೆದುಕೊಂಡ.

ಡನೀಡಿನ್ ನಗರದಾಚೆಯ ಟೈಯರೋವಾ ತುದಿಗೆ ಹೋದದ್ದು ಆಲ್ಬಟ್ರಾಸ್ ನೋಡುವುದಕ್ಕೆ. ರೆಕ್ಕೆ ಬಿಚ್ಚಿದರೆ ಮೂರು ಮೀಟರು ಅಗಲವಾಗುವ ಹಕ್ಕಿ ಅದು. ಎರಡು ವರ್ಷಕ್ಕೊಮ್ಮೆ ಒಂದೇ ಮೊಟ್ಟೆ ಇಡುತ್ತದೆ. ಮರಿ ಹಾರಿಹೋದದ್ದು ಕೆಲವು ವರ್ಷ ಕಡಲಿನ ಮೇಲೆಯೇ ಕಳೆದು, ನೆಲ ಮುಟ್ಟದೆ, ಕೊನೆಗೊಂದು ದಿನ ಹುಟ್ಟಿದ ಗುಡ್ಡಕ್ಕೇ ಮರಳುತ್ತದೆ. ಈ ಮಾತು ಕೇಳಿದಾಗ ನನ್ನಾಕೆ ಮಗಳ ಮುಖ ನೋಡಿದಳು. ಮಗಳು ಸಮುದ್ರ ನೋಡಿದಳು. ಆ ವಿಷಯ ಅಲ್ಲಿಗೇ ಇರಲಿ.

1930ರ ದಶಕದಲ್ಲಿ ಲ್ಯಾನ್ಸ್ ರಿಚ್‌ಡೇಲ್ ಎಂಬ ಮೇಷ್ಟರು, ಶಾಲೆಗಳಿಗೆ ಕೃಷಿಪಾಠ ಹೇಳುತ್ತಿದ್ದವರು, ಈ ಗುಡ್ಡದ ಗೂಡುಗಳಿಗೆ ಕಾವಲಾಗಿ ನಿಂತರು. ಜನ ಮೊಟ್ಟೆ ಕದಿಯುವುದು, ಹಕ್ಕಿಗೆ ಕಲ್ಲು ಹೊಡೆಯುವುದು ನಡೆಯುತ್ತಿತ್ತು. ಅವರ ಕಾವಲಿನಲ್ಲಿ 1938ರಲ್ಲಿ ಮೊದಲ ಮರಿ ಸುಖವಾಗಿ ಹಾರಿತು. 1937ರಲ್ಲಿ ಅವರು ಒಂದು ಹೆಣ್ಣು ಹಕ್ಕಿಯ ಕಾಲಿಗೆ ಗುರುತಿನ ಬಳೆ ತೊಡಿಸಿದ್ದರು. ಅದು ಐವತ್ತು ವರ್ಷ ದಾಟಿ 1989ರವರೆಗೆ ಆ ಗುಡ್ಡಕ್ಕೆ ಬರುತ್ತಲೇ ಇತ್ತು. ಜನ ಅದನ್ನು 'ಗ್ರ್ಯಾಂಡ್‌ಮಾ', ಅಜ್ಜಿ, ಎಂದು ಕರೆದರು. ಮೊಮ್ಮಗ ಹೆಸರಿನ ಕಾಲಮ್ಮಿನಲ್ಲಿ 'ಟೊರೊವಾ' ಎಂದು ಬರೆದು ಪಕ್ಕದಲ್ಲಿ 'ಅಜ್ಜಿ' ಎಂದು ಸೇರಿಸಿದ. ನನ್ನಾಕೆಗೆ ಬಹಳ ಸಂತೋಷವಾಯಿತು.

ಇನ್ನೂ ದಕ್ಷಿಣಕ್ಕೆ ಹೋದರೆ ಕ್ಯಾಟ್ಲಿನ್ಸ್ ಎಂಬ ಕಾಡುಸೀಮೆ. ಅಲ್ಲೊಂದು ಕಡಲ ದಂಡೆಯ ಹೆಸರು ಸೂರತ್ ಬೇ! ನಮ್ಮ ಸೂರತ್ತಿಗೂ ಈ ಮೂಲೆಗೂ ಏನು ನಂಟು ಎಂದರೆ, 'ಸೂರತ್' ಎಂಬ ಹಡಗು ವಲಸೆಗಾರರನ್ನು ಹೊತ್ತು ಬರುತ್ತಿದ್ದಾಗ 1874ರ ಹೊಸವರ್ಷದ ದಿನ ಈ ಕರೆಯಲ್ಲಿ ಬಂಡೆಗೆ ಬಡಿಯಿತು. ಹಡಗು ಹೋಯಿತು, ಹೆಸರು ಉಳಿಯಿತು. ಅಲ್ಲಿ ಸಮುದ್ರಸಿಂಹಗಳು ಮರಳಿನ ಮೇಲೆ ಬಂದು ಮಲಗುತ್ತವೆ. ಗಂಡಾದರೆ 400 ಕಿಲೋ ದಾಟುವ ದೇಹ. ಇವುಗಳ ಕಥೆಯೂ ಸೀಲುಗಳ ಕಥೆಯೇ. ಒಂದೂವರೆ ಶತಮಾನ ಈ ದೊಡ್ಡ ದ್ವೀಪದ ದಡದಲ್ಲಿ ಒಂದು ಮರಿಯೂ ಹುಟ್ಟಿರಲಿಲ್ಲ. 1993ರಲ್ಲಿ ಒಟಾಗೋ ತೀರದಲ್ಲಿ ಒಂದು ಹೆಣ್ಣು ಬಂದು ಮರಿ ಹಾಕಿತು. ಅದಕ್ಕೆ 'ಮಮ್' ಎಂದು ಹೆಸರಿಟ್ಟರು. ನಮ್ಮ ಮಾತಿನಲ್ಲಿ, ಅಮ್ಮ.

ನಾವು ಮರಳಿನ ಮೇಲೆ 28 ಹೆಜ್ಜೆ ದೂರದಲ್ಲಿ ನಿಂತಿದ್ದೆವು. ಒಂದು ಗಂಡು ಸಮುದ್ರಸಿಂಹ ಕಣ್ಣು ಬಿಟ್ಟಿತು, ಕುತ್ತಿಗೆ ಎತ್ತಿತು, ನಾವು ನಿಂತ ಕಡೆಗೆ ಮೈ ಎಳೆಯುತ್ತ ಹೊರಟಿತು. "ಅದು ಹತ್ತಿರ ಬಂದರೆ ನಾವು ಹಿಂದಕ್ಕೆ ಹೋಗಬೇಕು" ಎಂದ ಮೊಮ್ಮಗ. ಹೋದೆವು. ಬೆನ್ನು ತೋರಿಸದೆ, ಅರಮನೆಯ ದರ್ಬಾರಿನಲ್ಲಿ ಹಿಂದೆ ಸರಿಯುತ್ತಿದ್ದಂತೆ. ಅದಕ್ಕೆ ದಾರಿ ಬೇಕಿತ್ತು, ದಾರಿ ಬಿಟ್ಟೆವು. ಹಾಗೆ ಸರಿಯುವಾಗ ಅಳಿಯನ ಕಾಲು ಮರಳಿನ ಗುಣಿಗೆ ಬಿದ್ದು ಸೊಂಟ ಹಿಡಿದುಕೊಂಡಿತು. ಗಾಡಿ ಓಡಿಸುವುದಕ್ಕೆ ಮಗಳಿದ್ದಳು. ಆದರೆ ಅಂದು ಬೆಳಗಿನಿಂದಲೇ ಕೆಂಪು ದೀಪ ಹತ್ತಿತ್ತು.

ಠಾಣ್ಯದಲ್ಲಿ ಗಾಡಿ ನಿಂತಿತು. ಯಾರೂ ಮಾತಾಡಲಿಲ್ಲ. ಅಳಿಯ ಏಳಲು ಹೋಗಿ "ಅಮ್ಮಾ" ಎಂದು ಕೂತ. ಮಗಳು ಕೈಗವಸಿಗೆ ಕೈ ಹಾಕಿದಳು. ಆಗ ನಾನು, "ಇಲ್ಲಿ ಕೊಡು" ಎಂದೆ. ಔದಾರ್ಯವೇನೂ ಅಲ್ಲ, ಮಗಳ ಕೈಯಲ್ಲಿ ಅದನ್ನು ಮಾಡಿಸಿ ನಾನು ಕೂತು ನೋಡುವುದು ಹೇಗೆ ಎಂಬ ಸಂಕೋಚ. ನನ್ನಾಕೆ "ನೀವೇ?" ಎಂದಳು. ಐವತ್ತು ವರ್ಷದ ಸಂಸಾರದಲ್ಲಿ ಆ ಎರಡು ಅಕ್ಷರವನ್ನು ಅಷ್ಟು ಬೆರಗಿನಿಂದ ಅವಳು ಹೇಳಿದ್ದನ್ನು ನಾನು ಕೇಳಿರಲಿಲ್ಲ.

ಇಳಿದೆ. ಹೊರಮೈಯ ಪುಟ್ಟ ಬಾಗಿಲಿನ ಮುಂದೆ ಕುಕ್ಕರಗಾಲಿನಲ್ಲಿ ಕೂತೆ. ಬಾಗಿಲು ತೆರೆದೆ. ಟೆಕಾಪೋದಲ್ಲಿ ಹೊಳೆಯಗೊಡದೆ ಇದ್ದದ್ದು ಆಗ ಎದುರಿಗೆ ಬಂದು ನಿಂತಿತು.

ಹಾಸನದ ಕಡೆಯ ಒಂದು ತಾಲ್ಲೂಕು ಊರು ನಮ್ಮದು. 1960ರ ದಶಕದ ಮಾತು. ನಮ್ಮ ಮನೆಯ ಹಿತ್ತಲ ತುದಿಯಲ್ಲಿ ಕಕ್ಕಸಿನ ಕೋಣೆ. ಅದರ ಹಿಂದಿನ ಗೋಡೆಯಲ್ಲಿ, ಓಣಿಯ ಕಡೆಗೆ, ಮೊಣಕಾಲೆತ್ತರದ ಒಂದು ತಗಡಿನ ಬಾಗಿಲು. ಇದೇ ಅಳತೆ. ದಿನಾ ಬೆಳಗ್ಗೆ ಒಬ್ಬಳು ಹೆಂಗಸು ಆ ಓಣಿಯಲ್ಲಿ ಬಂದು, ಹೀಗೆಯೇ ಕುಕ್ಕರಗಾಲಿನಲ್ಲಿ ಕೂತು, ತಗಡಿನ ಬಾಗಿಲು ತೆಗೆದು, ಒಳಗಿನ ಡಬ್ಬಿಯನ್ನು ಎಳೆದು, ತನ್ನ ಬುಟ್ಟಿಗೆ ಸುರಿದುಕೊಂಡು, ಬುಟ್ಟಿಯನ್ನು ತಲೆಯ ಮೇಲೆ ಹೊತ್ತು ಮುಂದಿನ ಮನೆಗೆ ಹೋಗುತ್ತಿದ್ದಳು. ಕೈಗವಸಿಲ್ಲ, ನೀಲಿ ಔಷಧಿಯಿಲ್ಲ. ತೊಳೆಯುವ ನೀರನ್ನು ಅಮ್ಮ ಮೇಲಿನಿಂದ, ದೂರದಿಂದ ಹೊಯ್ಯುತ್ತಿದ್ದಳು. ಹಬ್ಬದ ದಿನ ಮಿಕ್ಕ ಅನ್ನವನ್ನು ಗೋಡೆಯ ಮೇಲೆ ಇಡುತ್ತಿದ್ದರು. ತಿಂಗಳಿಗೊಮ್ಮೆ ಇನಾಮಿನ ಚಿಲ್ಲರೆಯನ್ನು ಕಲ್ಲಿನ ಮೇಲೆ ಹಾಕುತ್ತಿದ್ದರು. ಕೈಗೆ ಕೊಟ್ಟದ್ದು ನಾನು ನೋಡಿಲ್ಲ.

ಒಂದು ದಿನ ಉರುಳಿಹೋದ ಚೆಂಡಿನ ಹಿಂದೆ ಓಣಿಯಲ್ಲಿ ಓಡಿದೆ. ತಿರುವಿನಲ್ಲಿ ಅವಳು ಎದುರು ಬಂದಳು. ತಲೆಯ ಮೇಲೆ ಬುಟ್ಟಿ. ಓಣಿ ಇಬ್ಬರಿಗೆ ಸಾಲದಷ್ಟು ಇಕ್ಕಟ್ಟು. ನಾನು ನಿಲ್ಲಲಿಲ್ಲ, ಅವಳೇ ಗೋಡೆಗೆ ಬೆನ್ನು ಒತ್ತಿ, ಹೊರೆಯ ಸಮೇತ ಹಿಂದಕ್ಕೆ ಸರಿಯುತ್ತ, "ದೂರ ಬುದ್ಧಿ, ದೂರ!" ಎಂದು ಕೂಗಿದಳು. ನನಗೆ ಆರೇಳು ವರ್ಷ. ಅವಳ ದನಿಯಲ್ಲಿ ಇದ್ದದ್ದು ಭಯ. ನನ್ನನ್ನು ಕಂಡು ಅಷ್ಟು ಭಯಪಟ್ಟವರು ಆಮೇಲೆ ಯಾರೂ ಇಲ್ಲ. ಮನೆಯಲ್ಲಿ ನನಗೆ ಬಾವಿಯ ಹತ್ತಿರ ಸ್ನಾನವಾಯಿತು. ಅವಳಿಗೆ ಏನಾಯಿತೋ ಯಾರೂ ವಿಚಾರಿಸಲಿಲ್ಲ.

ಪೆಟ್ಟಿಗೆ ಎಳೆದೆ. ಸುರಿದೆ. ವಾಸನೆ ಇತ್ತು, ಸಾಯುವಷ್ಟೇನೂ ಇರಲಿಲ್ಲ. ತೊಳೆದೆ. ಐದು ಜನರದು, ಎರಡು ದಿನದ್ದು, ಮುಚ್ಚಳವಿರುವ ಪೆಟ್ಟಿಗೆಯಲ್ಲಿ, ಗಾಲಿಯ ಮೇಲೆ. ಅವಳು ಇಡೀ ಓಣಿಯದನ್ನು ಹೊತ್ತಿದ್ದಳು. ಮೊಮ್ಮಗ ಸ್ವಲ್ಪ ದೂರದಲ್ಲಿ ನಿಂತು ನೋಡುತ್ತಿದ್ದ. "ಅಜ್ಜ, ನಿಮ್ಮ ಊರಲ್ಲೂ ಇಂಥದ್ದು ಇತ್ತಾ?" ಎಂದ. ಇತ್ತು ಎಂದು ಇದ್ದದ್ದನ್ನು ಹೇಳಿದೆ. ಎಲ್ಲವನ್ನೂ ಅಲ್ಲ, ಒಬ್ಬಳು ಬರುತ್ತಿದ್ದಳು, ಅವಳು ಹೊತ್ತುಕೊಂಡು ಹೋಗುತ್ತಿದ್ದಳು ಎಂದಷ್ಟೆ. ಅವನು ಕೇಳಿದ:

"ಅವಳ ಹೆಸರೇನು?"

ನನಗೆ ಗೊತ್ತಿರಲಿಲ್ಲ.

ಅಂದು ರಾತ್ರಿ ಒಂಬತ್ತು ಗಂಟೆಗೆ, ಹಾಸನದಲ್ಲಿ ಮಧ್ಯಾಹ್ನ ಒಂದೂವರೆ, ಅಕ್ಕನಿಗೆ ಫೋನು ಮಾಡಿದೆ. ಅಕ್ಕ ನನಗಿಂತ ಎಂಟು ವರ್ಷ ದೊಡ್ಡವಳು. ನಮ್ಮ ಮನೆಯ ಚರಿತ್ರೆಗೆಲ್ಲ ಅವಳೇ ದಫ್ತರು. ಎಲ್ಲಿಂದ ಮಾಡುತ್ತಿದ್ದೀ, ಊಟವಾಯಿತೆ, ಚಳಿಯೆಷ್ಟು ಎಲ್ಲ ಆದ ಮೇಲೆ ಕೇಳಿದೆ. ಅಕ್ಕ ಬಹಳ ಹೊತ್ತು ಸುಮ್ಮನಿದ್ದಳು.

"ಹೆಸರೇ? ಬಾಗಿಲು ಬಡಿಯುತ್ತಿದ್ದಳು. 'ಬಂದಿದ್ದಾಳೆ, ನೀರು ಹಾಕು' ಅಂತ ಅಮ್ಮ ಹೇಳೋಳು. ಅಷ್ಟೆ ಕಣೋ. ಬಂದಿದ್ದಾಳೆ ಅನ್ನೋದೇ ಅವಳ ಹೆಸರು."

ಸ್ವಲ್ಪ ತಡೆದು, "ನಮ್ಮ ಹಸುವಿನ ಹೆಸರು ಗೌರಿ. ಅದರ ಕರು ತುಂಗೆ. ಅದಕ್ಕೆ ಮುಂಚೆ ಇದ್ದದ್ದು ಕಪಿಲೆ. ಎಲ್ಲ ನೆನಪಿದೆ ನೋಡು" ಎಂದಳು. ಇಬ್ಬರೂ ಆಮೇಲೆ ಹೆಚ್ಚು ಮಾತಾಡಲಿಲ್ಲ.

1970ರ ದಶಕದಲ್ಲಿ ದೇವರಾಜ ಅರಸರ ಸಂಪುಟದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಮ್ಮ ರಾಜ್ಯದಲ್ಲಿ ನಿಲ್ಲಿಸಲು ಆಜ್ಞೆ ಮಾಡಿದರು. ಆಗ ನಮ್ಮ ಮನೆಯಲ್ಲಿ ನಡೆದ ಮಾತು ನನಗೆ ಚೆನ್ನಾಗಿ ನೆನಪಿದೆ: ಇನ್ನು ಮುಂದೆ ಹೇಗೆ, ಯಾರು, ಖರ್ಚೆಷ್ಟು ಎಂದು. ಅವಳು ಇನ್ನು ಬರಬೇಕಾಗಿಲ್ಲ ಎಂದು ಯಾರೂ ಸಂತೋಷಪಡಲಿಲ್ಲ. ತಗಡಿನ ಬಾಗಿಲಿಗೆ ಇಟ್ಟಿಗೆ ಮುಚ್ಚಿತು. ಅವಳ ಸುದ್ದಿಯೂ ಅದರೊಂದಿಗೆ ಮುಚ್ಚಿತು. ಇಡೀ ದೇಶಕ್ಕೆ 1993ರಲ್ಲಿ ಒಂದು ಕಾನೂನು, 2013ರಲ್ಲಿ ಇನ್ನೊಂದು ಬಂತು. ಆದರೂ ಒಳಚರಂಡಿಗೆ ಇಳಿದವರು ಉಸಿರುಕಟ್ಟಿ ಸತ್ತ ಸುದ್ದಿ ಪತ್ರಿಕೆಯಲ್ಲಿ ಬರುತ್ತಲೇ ಇದೆ. ಕಾಫಿ ಕುಡಿಯುತ್ತ ಅದನ್ನು ಓದಿ ಪುಟ ಮಗುಚುವವರಲ್ಲಿ ನಾನೂ ಒಬ್ಬ.

ಕೊನೆಯ ದಿನಗಳು ಮಿಲ್‌ಫರ್ಡ್ ರಸ್ತೆಯಲ್ಲಿ ಕಳೆದವು. ಆಗುಂಬೆಯವರೂ ಭಲೆ ಎನ್ನಬೇಕು, ಅಂಥ ಮಳೆ. ಬಂಡೆಯಿಂದ ಬಂಡೆಗೆ ನೂರಾರು ಜಲಪಾತ. 1954ರಲ್ಲಿ ತೆರೆದ, ಒಂದು ಕಿಲೋಮೀಟರಿಗೂ ಹೆಚ್ಚು ಉದ್ದದ ಹೋಮರ್ ಸುರಂಗದ ಬಾಯಲ್ಲಿ ಗಾಡಿಗಳು ಸರದಿಗೆ ನಿಂತಾಗ ಕಿಯಾ ಎಂಬ ಬೆಟ್ಟದ ಗಿಳಿಗಳು ಬಂದವು. ಹಸಿರು ಮೈ, ರೆಕ್ಕೆಯಡಿ ಕಿತ್ತಳೆ, ಕತ್ತಿಯಂಥ ಕೊಕ್ಕು. ಇವುಗಳಿಗೆ ಯಾವ ಮೀಟರಿನ ಲೆಕ್ಕವೂ ಇಲ್ಲ. ಕಿಟಕಿಯ ಸುತ್ತಣ ರಬ್ಬರನ್ನು ಕಿತ್ತು ಎಳೆದು, ಒರೆಸುವ ಕಡ್ಡಿಯನ್ನು ಬಗ್ಗಿಸಿ ನೋಡಿ, ಕನ್ನಡಿಯ ಮೇಲೆ ಕೂತು ನನ್ನಾಕೆಯ ಮೂಗುಬೊಟ್ಟನ್ನು ಪರೀಕ್ಷಿಸಿದವು. ಕುರಿಗಳನ್ನು ಕುಕ್ಕುತ್ತವೆಂದು ಒಂದು ಕಾಲದಲ್ಲಿ ಇವುಗಳ ತಲೆಗೆ ಸರ್ಕಾರವೇ ಬಹುಮಾನ ಕೊಟ್ಟು ಕೊಲ್ಲಿಸಿತ್ತು. ಪೂರ್ಣ ರಕ್ಷಣೆ ಸಿಕ್ಕಿದ್ದು 1986ರಲ್ಲಿ. ಅಷ್ಟು ಅನುಭವಿಸಿದ ಮೇಲೂ ಮನುಷ್ಯರ ಹತ್ತಿರ ಬರುವ ಧೈರ್ಯ ಅವಕ್ಕೆ ಹೇಗೆ ಉಳಿಯಿತೋ! ತಿನ್ನಲು ಏನೂ ಕೊಡಬೇಡಿ ಎಂದು ಮೊಮ್ಮಗ ಎಚ್ಚರಿಸುತ್ತಲೇ ಇದ್ದ.

ಅಳಿಯನ ಸೊಂಟ ಎರಡು ದಿನದಲ್ಲಿ ಸರಿಹೋಯಿತು. ಪೆಟ್ಟಿಗೆಯ ಕೆಲಸವನ್ನು ಮಾತ್ರ ಪ್ರವಾಸ ಮುಗಿಯುವವರೆಗೆ ನಾನೇ ಇಟ್ಟುಕೊಂಡೆ. ಅದರಿಂದ ಯಾರ ಋಣವೂ ತೀರುವುದಿಲ್ಲ ಎಂಬುದು ನನಗೆ ಗೊತ್ತು. ಎರಡನೆಯ ಸಲ ಮಾಡುವಾಗಲೂ ಮೂಗು ಮುಚ್ಚಿಕೊಂಡೆ ಎಂಬುದನ್ನೂ ಹೇಳಿಬಿಡುತ್ತೇನೆ.

ಗಾಡಿ ಹಿಂತಿರುಗಿಸುವ ಹಿಂದಿನ ರಾತ್ರಿ ಮೊಮ್ಮಗ ಅಟ್ಟದ ಮೇಲೆ ಮಲಗಿ ನೋಟುಪುಸ್ತಕ ತಿದ್ದುತ್ತಿದ್ದ. ನೋಡಲು ಕೊಟ್ಟ. ಸೀಲು, ಕೈಕೋರಾ, 20 ಮೀಟರು. ಕೊರೊರಾ, ಓಮರೂ, ಗಾಡಿಯ ಕೆಳಗೆ ನೋಡಬೇಕು. ಹೋಯಿಹೋ, ಕಾಟಿಕಿ, 50 ಮೀಟರು. ಟೊರೊವಾ, ಅಜ್ಜಿ, ಟೈಯರೋವಾ. ಸಮುದ್ರಸಿಂಹ, ಸೂರತ್ ಬೇ, 20 ಮೀಟರು. ಅದು ಬಂದರೆ ನಾವು ಸರಿಯಬೇಕು. ಅದರ ಕೆಳಗೆ ಒಂದು ಸಾಲು. ಹೆಸರಿನ ಜಾಗ ಖಾಲಿ. ಸ್ಥಳದ ಕಡೆ 'ಅಜ್ಜನ ಊರು' ಎಂದಿತ್ತು. ದೂರದ ಕಾಲಮ್ಮೂ ಖಾಲಿ.

"ಅಜ್ಜ, ಎಷ್ಟು ಮೀಟರು ಅಂತ ಬರೀಲಿ?" ಎಂದ.

ನಾಳೆ ಹೇಳುತ್ತೇನೆ, ಮಲಗು ಎಂದೆ. ಮರುದಿನ ಬಾಡಿಗೆಯ ಕಚೇರಿಯ ಹುಡುಗ ಕಾಗದ ಹಿಡಿದು ಗಾಡಿಯ ಸುತ್ತ ಬಂದ. ಡೀಸೆಲ್ಲು ತುಂಬಿದೆಯೆ, ಅನಿಲ ಮುಚ್ಚಿದೆಯೆ, ಪೆಟ್ಟಿಗೆ ಖಾಲಿ ಮಾಡಿ ತೊಳೆದಿದೆಯೆ ಎಂದು ಒಂದೊಂದಾಗಿ ಕೇಳಿದ. ಎಲ್ಲಕ್ಕೂ ಹೌದು ಎಂದೆವು. ಅವನು ಗುರುತು ಹಾಕಿಕೊಂಡು ಮುಂದಕ್ಕೆ ಹೋದ. ಯಾರು ತೊಳೆದರು ಎಂದು ಅವನು ಕೇಳಲಿಲ್ಲ. ಆ ದೇಶದಲ್ಲಿ ಅದು ಕೇಳುವ ಪ್ರಶ್ನೆಯೇ ಅಲ್ಲ.

ನಾನು ಊರಿಗೆ ಹಿಂತಿರುಗಿ ಬಹಳ ದಿನಗಳಾದವು. ಮೊಮ್ಮಗ ಪ್ರತಿ ಭಾನುವಾರ ಫೋನು ಮಾಡುತ್ತಾನೆ. ಆ ಸಾಲು ಇನ್ನೂ ಖಾಲಿ ಇದೆಯಂತೆ.